ವಲ್ಲಿಯ ಮರೆಯಲ್ಲಿ

ರಾಹುಲ್ ಮೈನರ್ ವಿಷಯ ಬದಲಾಯಿಸುತ್ತಾನಂತೆ ಎಂಬ ಸುದ್ದಿ ವರ್ಷಿಣಿಗೆ ಕ್ಯಾಂಟೀನಿನಲ್ಲಿ ಸಿಕ್ಕಿತು. ಬಾಯಿಗೆ ಹೊರಟ ವಡೆ ಅರ್ಧದಲ್ಲೇ ನಿಂತಿತು.

ಅವನದು ಫಿಸಿಕ್ಸ್, ಅವಳದು ಬಾಟನಿ. ಇಬ್ಬರೂ ಒಂದೇ ಬೆಂಚಿಗೆ ಸೇರುತ್ತಿದ್ದುದು ಪೊಲಿಟಿಕಲ್ ಎಕಾನಮಿ ಎಂಬ ಮೈನರ್ ಕ್ಲಾಸಿನಲ್ಲಿ ಮಾತ್ರ. ದುಡಿಯುವವರು ಯಾರು, ಬೆಲೆ ಕಟ್ಟುವವರು ಯಾರು, ಲಾಭ ಯಾರ ಮನೆ ಸೇರುತ್ತದೆ ಎಂದು ಕೆದಕಿ ನೋಡುವ ಓದು ಅದು. ಅವನು ಕಂಪ್ಯೂಟರ್ ಕಡೆ ಹೋದರೆ, ಒಂದೇ ಕಾಲೇಜಿನಲ್ಲಿದ್ದೂ ದೂರದ ನೆಂಟರ ಹಾಗೆ "ಚೆನ್ನಾಗಿದ್ದೀಯಾ" ಎಂದು ದಾಟಿಹೋಗುವುದಷ್ಟೇ.

ಅವಳು ನೇರವಾಗಿಯೇ ಕೇಳಿದಳು. "ಹೌದೇನೋ?"

"ಅಣ್ಣ ಹೇಳ್ತಾವ್ನೆ, ಕೆಲ್ಸಕ್ಕೆ ಅನುಕೂಲ ಅಂತ. ನಂಗೂ ಸರಿ ಅನ್ನಿಸ್ತು ಕಣೆ." ರಾಹುಲ್ ಮೇಜು ನೋಡುತ್ತ ಹೇಳಿದ. "ನೀನೇನಂತೀಯ?"

"ಮೊದ್ಲು ಪ್ರಾಜೆಕ್ಟ್ ಮುಗ್ಸು ಅಂತೀನಿ."

ಬೆಲೆ ಹೇಗೆ ಕುದುರುತ್ತದೆ ಎಂಬುದೇ ಆ ಕ್ಲಾಸಿಗೆ ಇಬ್ಬರೂ ಸೇರಿ ಮಾಡಬೇಕಿದ್ದ ಪ್ರಾಜೆಕ್ಟ್. ವರ್ಷಿಣಿ ದನದ ವ್ಯಾಪಾರ ಆರಿಸಿಕೊಂಡಿದ್ದಳು. ಅವಳ ತಾತ ನಿಂಗಯ್ಯ ಒಂದು ಕಾಲಕ್ಕೆ ದನದ ದಲ್ಲಾಳಿ. ಭಾನುವಾರ ಬನ್ನಿಮಂಟಪದ ಮನೆಯ ಜಗಲಿಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ, ಹೆಗಲ ಮೇಲಿನ ವಲ್ಲಿ ತೆಗೆದು ಅವರ ಕೈಗಳ ಮೇಲೆ ಹೊದಿಸಿದರು.

"ಮಾತಿಲ್ಲ. ಹಿಡಿದ ಬೆರಳೇ ಬೆಲೆ. ಒಪ್ಪಿದ್ರೆ ಕೈ ಬುಡಬ್ಯಾಡ, ಒಪ್ಪದೆ ಇದ್ರೆ ಎಳ್ಕೊ. ಸುತ್ತ ನಿಂತೋರಿಗೆ ಏನೂ ತಿಳೀಬಾರ್ದು. ಮುಖ ಕಲ್ಲಾಗಿರ್ಬೇಕು."

ವಲ್ಲಿಯ ಕೆಳಗೆ ಅವಳ ಬೆರಳು ಅವನ ಬೆರಳನ್ನು ಹುಡುಕಿಕೊಂಡಿತು. ರಾಹುಲನ ಮುಖ ಕಲ್ಲಾಗಿಯೇ ಇತ್ತು. ಕಿವಿ ಮಾತ್ರ ಮೆಣಸಿನಕಾಯಿ ಹಣ್ಣಾದ ಹಾಗೆ ಕೆಂಪಗಾಯಿತು.

"ಮುಖ ಪರ್ವಾಗಿಲ್ಲ ಕಣಪ್ಪ," ಅಂದರು ತಾತ. "ಕಿವಿನೂ ವಸಿ ಮುಚ್ಕೊ."

ವರ್ಷಿಣಿ ನಕ್ಕಳು. ಆ ನಗುವನ್ನು ಅವನು ಒಂದು ಗಳಿಗೆ ಹೆಚ್ಚೇ ನೋಡಿ ಕಣ್ಣು ತಗ್ಗಿಸಿದ. ಆ ನೋಟ ಅವಳಿಗೆ ಹೊಸದಲ್ಲ. ಇವನ ಬಾಯಿಂದ ಮಾತು ಉದುರಲಿ ಎಂದು ಕಾಯುತ್ತ ಕೂತರೆ ಬಸಳೆ ಬಳ್ಳಿಯೂ ಮರವಾದೀತು.

"ನೋಡು, ನಾಳೆ ಕ್ಲಾಸಲ್ಲಿ ಮೊದಲ್ನೇ ಬೆಲೆಗೆ ನೀನು ಕೈ ಎಳ್ಕೊಬೇಕು, ಎರಡನೇದಕ್ಕೆ ಒಪ್ಕೊಬೇಕು. ಮರೀಬ್ಯಾಡ," ಎಂದು ಹೇಳಿಕೊಟ್ಟಳು.

ಸೋಮವಾರ ಕ್ಲಾಸಿನ ಮುಂದೆ ನಿಂತರು. ವಲ್ಲಿ ಹೊದಿಸಿದ್ದಾಯಿತು. ಎಲ್ಲರ ಕಣ್ಣೂ ಇವರ ಮೇಲೆ. ವರ್ಷಿಣಿ ಬೆರಳು ಹಿಡಿಯಲಿಲ್ಲ. ಅವನ ಇಡೀ ಕೈಯನ್ನೇ ತನ್ನ ಅಂಗೈಯೊಳಗೆ ತೆಗೆದುಕೊಂಡು ಗಟ್ಟಿಯಾಗಿ ಒತ್ತಿದಳು. ನನ್ನ ಜೊತೆ ಇರ್ತೀಯಾ ಎಂದು ಕೇಳುವುದಕ್ಕೆ ಅದಕ್ಕಿಂತ ಬೇರೆ ಭಾಷೆ ಬೇಕೆ?

ರಾಹುಲ್ ಬೆಚ್ಚಿ ಅವಳ ಮುಖ ನೋಡಿದ. ಆಮೇಲೆ ಕೈ ಎಳೆದುಕೊಂಡುಬಿಟ್ಟ.

"ನೋಡಿದ್ರಾ? ಮೊದಲ ಬೆಲೆಗೆ ಒಪ್ಪಲಿಲ್ಲ," ಅಂದರು ಪಾಠ ಹೇಳುವ ಯಶೋಧಾ ಮೇಡಂ. ಕ್ಲಾಸು ಚಪ್ಪಾಳೆ ತಟ್ಟಿತು. ವರ್ಷಿಣಿ ಉಳಿದದ್ದನ್ನು ಕಲ್ಲುಮುಖದಲ್ಲೇ ಮುಗಿಸಿ ಹೊರಗೆ ನಡೆದಳು.

ಅವನು ಹಿಂದೆಯೇ ಓಡಿಬಂದ. "ಯಾಕೆ ಹಂಗೆ ಹೊಂಟೋದೆ? ಚೆನ್ನಾಗೇ ಬಂತಲ್ಲ!"

"ಕೈ ಎಳ್ಕೊಂಡ್ಬುಟ್ಟೆ."

"ನೀನೇ ತಾನೆ ಹೇಳ್ಕೊಟ್ಟಿದ್ದು, ಮೊದಲ್ನೇ ಬೆಲೆಗೆ ಎಳ್ಕೊ ಅಂತ!"

"ಅದು ಬೆಲೆ ಅಲ್ಲ ಕಣೋ ದಡ್ಡ."

"ಮತ್ತೇನು?"

ಅವಳು ನಿಂತಳು. ಮರೆಯಲ್ಲಿ ಕುದುರಿದ ವ್ಯಾಪಾರದಲ್ಲಿ ದನ ಸಾಕಿದವನಿಗೇ ತನ್ನ ದನದ ಬೆಲೆ ತಿಳಿಯುವುದಿಲ್ಲ ಎಂದು ಈಗಷ್ಟೇ ಕ್ಲಾಸಿಗೆ ವಿವರಿಸಿ ಬಂದವಳು ತಾನೇ ಅಲ್ಲವೆ? ವಲ್ಲಿ ಮಡಿಸಿ ಹೆಗಲಿಗೆ ಹಾಕಿಕೊಂಡಳು.

"ಮುಚ್ಚುಮರೆ ಇಲ್ದೆ ಹೇಳ್ತೀನಿ ಕೇಳು. ನೀನಂದ್ರೆ ನಂಗಿಷ್ಟ. ಕಂಪ್ಯೂಟರ್ ಓದ್ತೀಯಾ, ಓದು. ನಾನು ಇದನ್ನೇ ಓದ್ತೀನಿ, ನಂಗಿದು ರುಚಿ ಹತ್ಬುಟ್ಟದೆ. ಕ್ಲಾಸ್ ಬುಡೋನು ನನ್ನೂ ಬುಡ್ತೀಯಾ, ಅಷ್ಟ್ ಹೇಳು."

ರಾಹುಲ್ ಒಂದು ಹೆಜ್ಜೆ ಹತ್ತಿರ ಬಂದ. "ಎಳ್ಕೊಳ್ಳೋಕೆ ಮನಸೇ ಇರ್ಲಿಲ್ಲ ಕಣೆ. ತಪ್ಪು ಮಾಡಿದ್ರೆ ನೀನು ಬೈತೀಯ ಅಂತ ಎಳ್ಕೊಂಡೆ."

"ಅಯ್ಯೋ ಪುಣ್ಯಾತ್ಮ! ಈಗ?"

ಓಡಾಡುವವರೆಲ್ಲ ನೋಡುತ್ತಿದ್ದಂತೆಯೇ ಅವನು ಅವಳ ಕೈ ಹಿಡಿದ. "ಬುಡಲ್ಲ," ಅಂದ. ಈ ಸಲ ಕಣ್ಣು ತಗ್ಗಿಸಲಿಲ್ಲ.

ಕ್ಲಾಸಿನಿಂದ ಹೊರಬಂದ ಯಶೋಧಾ ಮೇಡಂ ಹುಬ್ಬೇರಿಸಿದರು. "ಏನ್ರಪ್ಪ, ವ್ಯಾಪಾರ ಇನ್ನೂ ಮುಗ್ದಿಲ್ವಾ?"

"ಇದು ವ್ಯಾಪಾರ ಅಲ್ಲ ಮೇಡಂ," ಅಂದಳು ವರ್ಷಿಣಿ.

"ಹಾಗಾದ್ರೆ ಇದಕ್ಕೆ ನಾನು ಮಾರ್ಕ್ಸ್ ಕೊಡೋಕಾಗಲ್ಲ," ಎಂದು ನಗುತ್ತ ಅವರು ಹೋದರು. ಇವರಿಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಬಂದರು. ಕೈ ಹಾಗೆಯೇ ಇತ್ತು.