ಇನ್ಮೇಲೆ ಹಾಡು ನೀವೇ ಆರಿಸಿ

ಚೈತ್ರಳ ಮುಷ್ಟಿ ನೇರವಾಗಿ ಶಿವರಾಮನ ಮೂಗಿಗೆ ಬಿತ್ತು!

ಬೆಳಿಗ್ಗೆ ಆರೂವರೆ. ಕೆಂಪಾಪುರದ ಆ ಮೂರನೇ ಮಹಡಿಯ ಹಾಲ್‌ನಲ್ಲಿ ಇಪ್ಪತ್ತು ಹೆಂಗಸರು ಕುಣಿಯುತ್ತಿದ್ದರು. ಚೈತ್ರಳಿಗೆ ಅದು ಮೊದಲ ಕ್ಲಾಸು. ಡ್ಯಾನ್ಸ್ ಫಿಟ್‌ನೆಸ್ ಹೇಳಿಕೊಡುವ ಶಿವರಾಮ್ ತಮಟೆ ಏಟಿನ ಹಾಡೊಂದನ್ನು ಹಾಕಿ ಸೌಂಡ್ ಏರಿಸಿದ್ದ. "ಕೈ ಇನ್ನೂ ಮೇಲೆ ಮೇಡಂ!" ಎನ್ನುತ್ತಾ ಅವಳ ಬೆನ್ನ ಹಿಂದೆ ಬಂದು ನಿಂತಿದ್ದ... ಅಷ್ಟೇ.

ಅವನ ಬಿಳಿ ಟೀ ಶರ್ಟಿನ ಮೇಲೆ ರಕ್ತ ಸುರಿಯಿತು.

"ಅಯ್ಯಯ್ಯೋ, ಮಾಸ್ಟರ್!" ಮುಂದಿನ ಸಾಲಿನಲ್ಲಿದ್ದ ಗಂಗರತ್ನಮ್ಮ ಚೀರಿದರು. "ಏನಮ್ಮಾ, ಹುಚ್ಚಾ ನಿಂಗೆ?"

ಚೈತ್ರ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.

ಮರುದಿನ ಎಲ್ಲರೂ ಹೋಗುವವರೆಗೆ ಕಾದು ಮೇಲೆ ಬಂದಳು. ಶಿವರಾಮನ ಮೂಗು ಊದಿತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಸಾರಿ ಸಾರ್... ನಿಮ್ಮನ್ನ ಹೊಡೀಬೇಕು ಅಂತ ಹೊಡೆದಿದ್ದಲ್ಲ."

"ಮತ್ತೆ ಯಾರನ್ನ?"

"ನನ್ನ ಗಂಡ... ಸತೀಶ್. ಯಲಹಂಕದಲ್ಲಿದ್ವಿ. ಹೊಡೆಯೋಕೆ ಮುಂಚೆ ಹಾಡು ಹಾಕಿ ಸೌಂಡ್ ಜಾಸ್ತಿ ಮಾಡ್ತಿದ್ದ. ನಾನು ಕೂಗೋದು ಪಕ್ಕದ ಮನೆಗೆ ಕೇಳಬಾರದು ಅಂತ. ಮೂರು ವರ್ಷ ಸಾರ್! ಪಕ್ಕೆಲುಬು ಮುರಿದ ಮೇಲೆ ಇಲ್ಲಿ ಚಿಕ್ಕಮ್ಮನ ಮನೆಗೆ ಬಂದೆ. ಡೈವೋರ್ಸ್ ಕೇಸ್ ನಡೀತಿದೆ. ವ್ಯಾಯಾಮ ಮಾಡು ಅಂತ ಡಾಕ್ಟ್ರು ಹೇಳಿದ್ರು..."

ಶಿವರಾಮ್ ಸ್ಪೀಕರಿಗೆ ಜೋಡಿಸಿದ್ದ ತನ್ನ ಫೋನನ್ನು ಅವಳ ಕೈಗಿಟ್ಟ.

"ಇನ್ಮೇಲೆ ಹಾಡು ನೀವೇ ಆರಿಸಿ."

"ನಂಗೇನ್ ಗೊತ್ತಾಗುತ್ತೆ ಸಾರ್?"

"ಮೊದಲು ನಿಧಾನದ್ದು, ಮೈ ಬಿಸಿಯಾಗೋಕೆ. ಆಮೇಲೆ ನಾಲ್ಕು ಜೋರು. ಕೊನೆಗೆ ಉಸಿರು ಹತೋಟಿಗೆ ಬರೋಂಥದ್ದು. ನಿಮಗೆ ಯಾವುದು ಕೇಳಿದ್ರೆ ಭಯ ಆಗಲ್ವೋ ಅದನ್ನ ಹಾಕಿ. ಸೌಂಡ್ ಎಷ್ಟಿರ್ಬೇಕು ಅನ್ನೋದೂ ನಿಮ್ಮಿಷ್ಟ."

ಹಾಗೆ ಶುರುವಾಯಿತು. ದಿನವೂ ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಇಬ್ಬರೂ ನೆಲದ ಮೇಲೆ ಕೂತು ಹಾಡು ಕೇಳುತ್ತಿದ್ದರು. ಇದು ಕುಣಿಸುತ್ತೆ, ಅದು ನಿದ್ದೆ ಬರಿಸುತ್ತೆ ಎಂದು ವಾದಿಸುತ್ತಿದ್ದರು. ಗಂಗರತ್ನಮ್ಮನ ಮಂಡಿಗೆ ಯಾವ ವೇಗ ಸರಿಹೋಗುತ್ತದೆಂದು ತಾವೇ ಎದ್ದು ಕುಣಿದು ನೋಡುತ್ತಿದ್ದರು. ಎರಡನೇ ತಿಂಗಳಲ್ಲಿ ಚೈತ್ರಳೇ ತಮಟೆಯ ಹಾಡೊಂದನ್ನು ಆರಿಸಿದಳು. ಮುಗಿಯುವವರೆಗೂ ನಿಲ್ಲಿಸಲಿಲ್ಲ.

'ಇವರ ಜೊತೆ ಇದ್ರೆ ನಂಗೆ ಭಯಾನೇ ಆಗಲ್ವಲ್ಲ...' ಎಂದುಕೊಂಡು ಅವಳೇ ಬೆಚ್ಚಿದಳು.

ಅದೇ ವಾರ ಅವಳು ಕ್ಲಾಸಿಗೆ ಬಂದಾಗ, ಕೆಳಗೆ ಗೇಟಿನ ಬಳಿ ಶಿವರಾಮ್ ಯಾರದೋ ಕೈ ಕುಲುಕುತ್ತಾ ನಗುತ್ತಿದ್ದ. ಆ ಮನುಷ್ಯ ಇತ್ತ ತಿರುಗಿದ.

ಸತೀಶ್!

ಚೈತ್ರ ಮನೆಗೆ ಓಡಿದಳು. ಬಾಗಿಲು ಹಾಕಿಕೊಂಡು ಶಿವರಾಮನಿಗೆ ಫೋನ್ ಮಾಡಿದಳು. "ನಾನಿರೋ ಜಾಗ ಅವನಿಗೆ ತೋರಿಸ್ಬಿಟ್ರಲ್ಲ! ನೀವೂ ಅವನ ಥರಾನೇ!"

"ಯಾರಿಗೆ? ಚೈತ್ರ, ಒಂದ್ನಿಮಿಷ..."

ನಂಬರ್ ಬ್ಲಾಕ್ ಮಾಡಿದಳು. ಎಂಟು ದಿನ ಹೊರಗೆ ಕಾಲಿಡಲಿಲ್ಲ.

ಶಿವರಾಮ್ ಹಾಡು ತುಂಬಿ ಕೊಟ್ಟಿದ್ದ ಪೆನ್‌ಡ್ರೈವ್ ಅವಳ ಬಳಿಯೇ ಉಳಿದಿತ್ತು. ಒಂಬತ್ತನೇ ದಿನ ಬೆಳಿಗ್ಗೆ, ಕೊಟ್ಟು ಮುಗಿಸಿಬಿಡೋಣವೆಂದು ಹಾಲ್‌ಗೆ ಹೋದಳು. ಶಿವರಾಮ್ ಒಬ್ಬನೇ ಸಣ್ಣಗೆ ಹಾಡು ಹಾಕಿಕೊಂಡು ಅಂದಿನ ಕ್ಲಾಸಿಗೆ ಜೋಡಿಸುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಕೈ ಅವಳ ಜಡೆ ಹಿಡಿದೆಳೆಯಿತು.

"ಮಾಸ್ಟರ್ ಜೊತೆ ಕುಣೀತೀಯೇನೇ?"

ಸತೀಶ್ ಅವಳನ್ನು ಗೋಡೆಗೆ ಅಪ್ಪಳಿಸಿದ. ಹಣೆ ಒಡೆಯಿತು. ಅಡ್ಡ ಬಂದ ಶಿವರಾಮನ ಮೇಲೆ ಕೈಯಲ್ಲಿದ್ದ ಹೆಲ್ಮೆಟ್ ಬೀಸಿದ. ಮತ್ತೆ ಬೀಸಿದ. ತೋಳಿನ ಮೂಳೆ ಲಟಕ್ಕನೆ ಮುರಿಯಿತು. ಕುಸಿದು ಬಿದ್ದರೂ ಶಿವರಾಮ್ ಅವನ ಕಾಲು ಬಿಡಲಿಲ್ಲ.

"ಓಡಿ ಚೈತ್ರ!"

ಸತೀಶ್ ಕೈ ಚಾಚಿ ಪಕ್ಕದ ಸ್ಪೀಕರಿನ ಸೌಂಡನ್ನು ಪೂರ್ತಿ ಏರಿಸಿದ. ಕಿಟಕಿಯ ಗಾಜುಗಳು ನಡುಗಿದವು.

ಚೈತ್ರ ಓಡಲಿಲ್ಲ. ಸ್ಪೀಕರಿನ ವೈರನ್ನೇ ಕಿತ್ತೆಸೆದಳು! ಹಾಲ್ ಒಮ್ಮೆಲೇ ಸ್ತಬ್ಧವಾಯಿತು. ಅವಳು ಕೂಗಿದಳು... ಕೆಳಗಿನ ರಸ್ತೆಯವರೆಗೂ ಕೇಳುವಂತೆ ಕೂಗಿದಳು. ಕೈಗೆ ಸಿಕ್ಕ ಡಂಬೆಲ್ ಎತ್ತಿ ಅವನ ಮಂಡಿಗೆ ಹೊಡೆದಳು. ಬಿದ್ದವನಿಗೆ ಇನ್ನೊಂದು ಹೊಡೆದಳು.

ಮೆಟ್ಟಿಲೇರುತ್ತಿದ್ದ ಹೆಂಗಸರು ಓಡಿ ಬಂದರು. ಪೊಲೀಸರು ಬರುವವರೆಗೂ ಗಂಗರತ್ನಮ್ಮ ಸತೀಶನ ಎದೆಯ ಮೇಲಿಂದ ಏಳಲೇ ಇಲ್ಲ.

ಆಸ್ಪತ್ರೆಯಲ್ಲಿ ಶಿವರಾಮ್ ನೋವಿನಲ್ಲೂ ಹೇಳಿದ. "ಆವತ್ತು ಗೇಟ್ ಹತ್ರ, ಹೆಂಡ್ತೀನ ಕ್ಲಾಸಿಗೆ ಸೇರಿಸ್ಬೇಕು ಅಂತ ಬಂದಿದ್ದ. ಅವನ ಮುಖ ನಾನು ನೋಡಿರ್ಲಿಲ್ಲ..."

"ಗೊತ್ತಾಯ್ತು. ಯಾರೋ ಹಾಕಿದ್ದ ನಮ್ಮ ಕ್ಲಾಸಿನ ವಿಡಿಯೊ ಫೋನಲ್ಲಿ ನೋಡಿ ಹುಡುಕ್ಕೊಂಡು ಬಂದನಂತೆ. ಪೊಲೀಸರ ಮುಂದೆ ಅವನೇ ಹೇಳ್ದ." ಚೈತ್ರ ಬಿಕ್ಕಿದಳು. "ನಾನು ನಿಮ್ಮನ್ನ ಅವನ ಜೊತೆ ಸೇರಿಸಿ ಮಾತಾಡಿದೆನಲ್ಲ..."

"ಅಳ್ಬೇಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಹಂಗೇ ಅಂದ್ಕೋತಿದ್ದೆ."

ಸತೀಶ್ ಜೈಲಿಗೆ ಹೋದ. ನಾಲ್ಕು ತಿಂಗಳಿಗೆ ಡೈವೋರ್ಸ್ ಆಯಿತು. ಆವತ್ತು ಚೈತ್ರ ಕೋರ್ಟಿನಿಂದ ನೇರವಾಗಿ ಹಾಲ್‌ಗೆ ಬಂದಳು. ಶಿವರಾಮ್ ಕಸ ಗುಡಿಸುತ್ತಿದ್ದ. ಪೊರಕೆ ಹಿಡಿದೇ ಕೇಳಿದ.

"ಚೈತ್ರ... ನನ್ನನ್ನ ಮದ್ವೆ ಆಗ್ತೀರಾ?"

"ನಮ್ಮಿಬ್ರಿಗೆ ಜಗಳ ಬಂದ್ರೆ?"

"ಬರುತ್ತೆ. ನಾನೂ ಕೂಗ್ತೀನಿ, ನೀವೂ ಕೂಗಿ. ಸುಸ್ತಾದ್ಮೇಲೆ ಊಟ ಮಾಡೋಣ."

"ಹಾಗಾದ್ರೆ ಈಗ್ಲೇ ಒಂದು ಜಗಳ ಇದೆ. ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಕೋರ್ಟ್ ಮುಗೀಲಿ ಅಂತ... ಅವಸರ ಮಾಡಿ ನಿಮ್ಮನ್ನ ಹೆದರಿಸಬಾರದು ಅಂತ..."

ಚೈತ್ರಳ ಕಣ್ಣು ತುಂಬಿತು. ಆದರೂ ನಕ್ಕಳು.

"ಹ್ಞೂಂ ಅನ್ನೋಕೆ ಆಟೋ ಮಾಡ್ಕೊಂಡು ಬಂದಿದ್ದೀನಿ. ಇನ್ನೂ ಪೊರಕೆ ಹಿಡ್ಕೊಂಡೇ ನಿಂತಿದ್ದೀರಲ್ರೀ!"