ಗುಜರಿ ಗುಂಪಿನ ಗಾಳಿಯಂತ್ರ

ಹಿಂದಿನ ಗಾಜು ಪುಡಿಯಾಯಿತು. ಹಾಲಿಸನ ಜೀಪು ಎರಡನೇ ಸಲ ನನ್ನ ಗಾಡಿಗೆ ಗುದ್ದಿತ್ತು.

ಹನ್ನೆರಡಕ್ಕೆ ಒಂಬತ್ತು ನಿಮಿಷ... ಕಾಲ್ಗೂರ್ಲಿ ಊರಿಗೆ ಇನ್ನೂ ಹತ್ತು ಕಿಲೋಮೀಟರ್.

ಬ್ರೆಟ್ ಹಾಲಿಸ್ ನಿಕಲ್ ಗಣಿಯ ಕಂಪ್ಯೂಟರ್ ವಿಭಾಗದ ದೊಡ್ಡ ಮನುಷ್ಯ. ಇಸ್ತ್ರಿ ಶರ್ಟು, ತಲೆಯೊಳಗೆ ಹೊಟ್ಟು. ಗಣಿಯ ಪ್ರತಿ ನೌಕರ, ಪ್ರತಿ ಯಂತ್ರದ ಹೆಸರೂ ನೆಟ್‌ವರ್ಕ್ ಡೈರೆಕ್ಟರಿಯಲ್ಲಿರುತ್ತದೆ. ಯಾವ ಗುಂಪಿನಲ್ಲಿದೆಯೋ ಅದಕ್ಕೆ ಆ ಗುಂಪಿನ ನಿಯಮ. ಕಳೆದ ತಿಂಗಳು ಈ ಮಹಾಶಯ ಅದನ್ನು ಅಚ್ಚುಕಟ್ಟು ಮಾಡಲು ಕುಳಿತ. ಸುರಂಗದ ಫ್ಯಾನ್ ನಡೆಸುವ ಕಂಪ್ಯೂಟರನ್ನು 'ಗುಜರಿ' ಗುಂಪಿಗೆ ಎಳೆದು ಹಾಕಿದ. ಗುಜರಿಯ ನಿಯಮ ಒಂದೇ: ಬಂದದ್ದನ್ನೆಲ್ಲ ಆಫ್ ಮಾಡು.

ಫ್ಯಾನ್ ನಿಂತಿತು. ಕೆಳಗಿದ್ದ ಗ್ವೆನ್ ರೂರ್ಕ್ ಉಸಿರುಕಟ್ಟಿ ಸತ್ತಳು.

ಅವಳೇ ತಪ್ಪು ಸ್ವಿಚ್ ಒತ್ತಿದಳೆಂದು ಹಾಲಿಸ್ ವರದಿ ಬರೆದ. ಅವಳ ಅಕ್ಕ ಟೆಸ್, ಕಾರ್ಮಿಕ ಸಂಘದ ಪರವಾಗಿ ಗಣಿ ಅಪಘಾತಗಳ ತನಿಖೆ ಮಾಡುವ ನನ್ನ ಬಳಿ ಬಂದಳು.

"ನೋರೀನ್, ಹದಿನಾರು ವರ್ಷ ಆ ಫ್ಯಾನ್ ನೋಡ್ಕೊಂಡೋಳು ಕಣೇ ಅವ್ಳು."

ಇವತ್ತು ಬೆಳಿಗ್ಗೆ ಗಣಿಯ ಡೈರೆಕ್ಟರಿಯಲ್ಲಿ ಹುಡುಕಿದೆ. ಫ್ಯಾನ್ ಕಂಪ್ಯೂಟರನ್ನು ಯಾರು ಸರಿಸಿದರೆಂಬ ದಾಖಲೆಯನ್ನು ನಾನು ಬರುವ ಒಂದು ಗಂಟೆ ಮೊದಲಷ್ಟೇ ಹಾಲಿಸ್ ಅಳಿಸಿದ್ದ. ಆದರೆ ಊರಿನ ಕಚೇರಿಯಲ್ಲಿ ಡೈರೆಕ್ಟರಿಯ ಇನ್ನೊಂದು ನಕಲಿದೆ. ಗಣಿಯ ಬದಲಾವಣೆ ಅದಕ್ಕೆ ತಲುಪುವುದು ದಿನಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೆ. ಆಗ ಅಲ್ಲೂ ದಾಖಲೆ ಅಳಿಯುತ್ತದೆ. ಅಲ್ಲಿನ ತಂತ್ರಜ್ಞರೆಲ್ಲ ಹಾಲಿಸನ ಆಳುಗಳು. ಫೋನ್ ಮಾಡಿ ಫಲವಿರಲಿಲ್ಲ.

ಹಿಂದಿನ ಜೀಪಿನಿಂದ ಫೋನ್ ಅವನೇ ಮಾಡಿದ.

"ಗಾಡಿ ನಿಲ್ಸು. ಮಾತಾಡೋಣ."

"ಬಂಪರ್‌ನಲ್ಲೇ ಮಾತಾಡ್ತಿದ್ದೀಯಲ್ಲ."

"ಡೈರೆಕ್ಟರಿ ಬಗ್ಗೆ ನಿಂಗೇನ್ ಗೊತ್ತು?"

"ಫ್ಯಾನ್ ಗುಜರಿ ಅಲ್ಲ ಅನ್ನೋಷ್ಟು."

ಕೂಡುರಸ್ತೆಯಲ್ಲಿ ಅದಿರಿನ ಲಾರಿ ಬರುತ್ತಿತ್ತು. ಅದರ ಮೂತಿಯೆದುರೇ ಅಡ್ಡ ನುಗ್ಗಿದೆ. ಅದರ ಹಿಂದೆ ಕಟ್ಟಿದ್ದ ಮೂರು ಟ್ರೇಲರ್ ದಾಟುವವರೆಗೂ ಹಾಲಿಸ್ ಆಚೆಯೇ ಉಳಿದ.

ಕಚೇರಿ. ಇನ್ನು ಒಂದೇ ನಿಮಿಷ...

"ಏಯ್, ಪಾಸ್ ಎಲ್ಲಿ?" ರಿಸೆಪ್ಷನ್‌ನ ಡಾಟ್ ಹಿಂದೆಯೇ ಓಡಿ ಬಂದಳು.

ಸರ್ವರ್ ಕೋಣೆ. ನೆಟ್‌ವರ್ಕ್ ಕೇಬಲ್ ಕಿತ್ತೆ.

ಗಡಿಯಾರ ಹನ್ನೆರಡು ದಾಟಿತು. ದಾಖಲೆ ಹಾಗೇ ಇತ್ತು.

ಹಾಲಿಸ್ ಒಳಬಂದ, ಕೈಯಲ್ಲಿ ಜೀಪಿನ ಜಾಕ್‌ನ ರಾಡು. ನಾನು ಪರದೆಯನ್ನು ಡಾಟ್ ಕಡೆ ತಿರುಗಿಸಿದೆ. ಅವಳು ಓದಿದಳು. ಫ್ಯಾನ್ ಕಂಪ್ಯೂಟರಿನ ಹೆಸರು, ದಿನಾಂಕ, ಸರಿಸಿದವನ ಹೆಸರು.

"ಗ್ವೆನ್ ಸತ್ತ ದಿನ," ಎಂದಳು. ಆಮೇಲೆ ಅವನಿಗೂ ನನಗೂ ನಡುವೆ ನಿಂತು ಪೊಲೀಸರಿಗೆ ಫೋನ್ ಮಾಡಿದಳು.

ರಾಡು ಕೆಳಗಿಳಿಯಿತು. "ಕೈತಪ್ಪಿ ಆಗಿದ್ದು ಕಣೇ."

"ಎಳೆದಿದ್ದು ಕೈತಪ್ಪಿ. ತಪ್ಪನ್ನು ಹೆಣದ ಮೇಲೆ ಹೊರಿಸಿದ್ದು?"

ಪೊಲೀಸರು ಬರುವವರೆಗೂ ಅವನು ತನ್ನ ಲಾಯರ್‌ನ ನಂಬರಿಗಾಗಿ ಫೋನೆಲ್ಲ ತಡಕಾಡಿದ.

ಅದನ್ನು ಯಾವ ಗುಂಪಿಗೆ ಎಳೆದು ಹಾಕಿದ್ದನೋ, ಸಿಗಲಿಲ್ಲ.