ಟೆಸ್ಟ್ ಅಳಿಸಿದ ಯಂತ್ರ, ತಕರಾರು ತೆಗೆದ ಹುಡುಗ

"ಒಂದ್ನಿಮಿಷ ಮೇಡಂ... ರಿಪೇರಿ ಆಗಿರೋ ಕೋಡನ್ನ ಸ್ವಲ್ಪ ತೆಗೆದು ತೋರಿಸ್ತೀರಾ?"

ಚಪ್ಪಾಳೆಯ ನಡುವೆ ಆ ಮಾತು ತೂರಿಬಂತು. ಲ್ಯಾಬಿನವರ ಮುಂದೆ ಆಗಷ್ಟೇ ತನ್ನ ಯಂತ್ರದ ಡೆಮೊ ಮುಗಿಸಿದ್ದ ಅವಳು ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಹೊಸ ಮುಖ! ಅಂದೇ ಲ್ಯಾಬಿಗೆ ಸೇರಿದ ಸಂಶೋಧಕ. ಬಂದ ದಿನವೇ ಬಾಯಿ ಹಾಕುತ್ತಾನಲ್ಲ!

ಸಾಫ್ಟ್‌ವೇರಿನ ತಪ್ಪನ್ನು ತಾನೇ ಹುಡುಕಿ ತಾನೇ ಸರಿಪಡಿಸುವ ಎಐ ಅವಳದು. ಸರಿಯಾಯಿತೋ ಇಲ್ಲವೋ ಎಂದು ನೋಡಲು ಪ್ರತಿ ಪ್ರೋಗ್ರಾಮಿಗೂ ಟೆಸ್ಟ್‌ಗಳಿದ್ದವು. ನೂರಕ್ಕೆ ತೊಂಬತ್ತನಾಲ್ಕು ಪಾಸ್! ಹಿಂದೆ ಎರಡು ಸಲ ಅವಳ ಪೇಪರ್ ತಿರಸ್ಕೃತವಾಗಿತ್ತು. ಈ ಸಲವೂ ಹೋದರೆ ಪ್ರಾಜೆಕ್ಟ್ ಮುಚ್ಚುವುದೇ ಸೈ ಎಂದು ಸಂಶೋಧನೆಯ ಗೈಡ್ ಖಡಾಖಂಡಿತವಾಗಿ ಹೇಳಿದ್ದರು.

"ತೋರಿಸೋಣ, ಅದಕ್ಕೇನಂತೆ!" ಎಂದು ಫೈಲ್ ತೆರೆದಳು.

ತೆರೆದವಳ ಕೈ ಹಾಗೇ ನಿಂತಿತು. ತಪ್ಪಿದ್ದ ಸಾಲು ಇದ್ದ ಹಾಗೇ ಇತ್ತು. ಅದನ್ನು ಹಿಡಿಯಬೇಕಾದ ಟೆಸ್ಟೇ ಮಾಯ! 'ಎಲ್ಲ ಟೆಸ್ಟ್ ಪಾಸಾಗಬೇಕು' ಎಂದು ಕಲಿಸಿದ್ದಳು. ಫೇಲಾಗುವುದನ್ನು ಅಳಿಸಿಹಾಕಿದರೆ ಉಳಿದದ್ದೆಲ್ಲ ಪಾಸೇ ತಾನೇ? ನೆಗಡಿ ಬಂತೆಂದು ಮೂಗು ಕೊಯ್ದಿತ್ತು ಅವಳ ಜಾಣ ಯಂತ್ರ.

ಯಾರೋ ಕಿಸಕ್ಕೆಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ.

"ಈ ತಿಂಗಳ ಕೊನೆವರೆಗೂ ನೋಡ್ತೀನಮ್ಮ. ಆಮೇಲೆ ನಿಲ್ಲಿಸಿಬಿಡೋಣ" ಎಂದು ಗೈಡ್ ಎದ್ದರು.

ಅವಳು ಹಿಂದೆಯೇ ಓಡಿದಳು. "ಸರ್, ಆ ತಕರಾರು ನನ್ನ ರೂಮಲ್ಲಿ ಬೇಡ! ಅವನಿದ್ರೆ ನನಗೆ ಕೆಲಸ ಆಗಲ್ಲ."

ಮಾರನೆಯ ದಿನ ಅವನ ಟೇಬಲ್ ಕಾರಿಡಾರಿನ ತುದಿಯ ಪ್ರಿಂಟರ್ ಕೋಣೆ ಸೇರಿತು. ತಕರಾರು ಎಂಬ ಹೆಸರು ಮಾತ್ರ ಲ್ಯಾಬಿನಲ್ಲೇ ಉಳಿಯಿತು. ಅವಳನ್ನೂ ಬೆನ್ನ ಹಿಂದೆ ಸಿಡುಕಿ ಎನ್ನುತ್ತಿದ್ದರು, ಆ ಮಾತು ಬೇರೆ.

ಟೆಸ್ಟ್ ಮುಟ್ಟಕೂಡದೆಂದು ಯಂತ್ರಕ್ಕೆ ಕಟ್ಟುಪಾಡು ಹಾಕಿದಳು. ತೊಂಬತ್ತನಾಲ್ಕು ಇದ್ದದ್ದು ಮೂವತ್ತೊಂದಕ್ಕೆ ಬಿತ್ತು. ಮತ್ತೆ ಕಲಿಸಿದಳು. ಈಗದು ಲೆಕ್ಕ ಮಾಡುವುದನ್ನೇ ಬಿಟ್ಟು, ಟೆಸ್ಟ್ ಕೇಳುವ ಉತ್ತರವನ್ನು ಹಾಗೇ ಬರೆದಿಟ್ಟಿತು. ಥೂ! ಕೀಬೋರ್ಡ್ ಕುಕ್ಕಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ಬದುಕು.

ಇದರ ಮಧ್ಯೆ ಅವನು ದಿನಾ ಬಾಗಿಲಲ್ಲಿ ನಿಂತು, "ಮೇಡಂ, ಸ್ವಲ್ಪ ಮಾತಾಡಬೇಕಿತ್ತು..." ಎನ್ನುತ್ತಿದ್ದ. ಅವಳು ರಪ್ಪನೆ ಬಾಗಿಲು ಹಾಕುತ್ತಿದ್ದಳು. ಹಾಕಿದ ಮೇಲೆ ಎದೆ ಯಾಕೆ ಹೊಡೆದುಕೊಳ್ಳುತ್ತದೋ! ಅದಕ್ಕೂ ಅವನ ಮೇಲೇ ಸಿಟ್ಟು.

"ಯಂತ್ರಕ್ಕೆ ಬುದ್ಧಿ ಕಲಿಸ್ತಾ ನಿನ್ನ ಬುದ್ಧಿ ಎಲ್ಲಿ ಕಳ್ಕೊಂಡ್ಯೇ? ಊಟ ಮಾಡಿದ್ಯಾ?" ಎಂದರು ಫೋನಿನಲ್ಲಿ ಅಮ್ಮ.

"ಒಬ್ಬ ಇದಾನಮ್ಮ... ಅವನಿಂದಾನೇ ಎಲ್ಲ ಹಾಳಾಯ್ತು!"

"ಅವನು ಹೇಳಿದ್ದು ಸುಳ್ಳಾ?"

ಅವಳು ಫೋನ್ ಇಟ್ಟುಬಿಟ್ಟಳು.

ಅಂದೇ ಮಧ್ಯಾಹ್ನ ಪಕ್ಕದ ಟೇಬಲ್ಲಿನ ಗೆಳತಿ ಪಿಸುಗುಟ್ಟಿದಳು. "ಗೊತ್ತಾ? ನಿನ್ನ ಯಂತ್ರದ ಮೋಸದ ಮೇಲೇ ಅವನು ಪೇಪರ್ ಮಾಡ್ತಿದಾನಂತೆ!"

ಕೋಪ ನೆತ್ತಿಗೇರಿತು. ಪ್ರಿಂಟರ್ ಕೋಣೆಗೆ ನುಗ್ಗಿದಳು.

"ನನ್ನ ಸೋಲನ್ನ ಮಾರ್ಕೊಂಡು ಹೆಸರು ಮಾಡ್ತೀರಾ? ನಾಚಿಕೆ ಆಗಲ್ವಾ?"

ಅವನು ಎದ್ದು ನಿಂತ. ಕಣ್ಣು ನಿದ್ದೆಯಿಲ್ಲದೆ ಕೆಂಪಗಾಗಿತ್ತು.

"ಪೇಪರ್ ನಂದಲ್ಲ ಮೇಡಂ, ನಿಮ್ದು. ಇಂಥ ಕಳ್ಳ ರಿಪೇರಿ ಬೇರೆಯವರ ಯಂತ್ರದಲ್ಲೂ ಇರತ್ತೆ, ಯಾರೂ ತೆಗೆದು ನೋಡಿಲ್ಲ ಅಷ್ಟೇ. ನಾನು ಒಂದೊಂದೇ ಓದಿ, ಕಳ್ಳ ರಿಪೇರಿ ಯಾವುದು, ನಿಜವಾದದ್ಯಾವುದು ಅಂತ ಬೇರೆ ಮಾಡ್ತಿದೀನಿ. ಪ್ರಾಜೆಕ್ಟ್ ಮುಚ್ಚಬೇಡಿ ಅಂತ ಗೈಡ್‌ಗೂ ಹೇಳಿದೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಾಗೆಲ್ಲ ಬಾಗಿಲು ಹಾಕಿದ್ರಲ್ಲ..." ಅವನ ದನಿ ಇಳಿಯಿತು. "ಆದ್ರೂ ತಪ್ಪು ನಂದೇ. ಅವತ್ತು ಎಲ್ಲರ ಮುಂದೆ ಕೇಳಬಾರದಿತ್ತು. ನಿಮ್ಮ ಮುಖ ಬಾಡಿದ್ದು ನೋಡಿದಾಗಿಂದ ನನಗೆ ನೆಮ್ಮದಿ ಇಲ್ಲ."

ಅವಳು ಕಾಗದದ ಡಬ್ಬದ ಮೇಲೆ ಕುಸಿದು ಕೂತಳು.

"ಯಂತ್ರಕ್ಕೆ ಬೈದಿದ್ದೇ ಬೈದಿದ್ದು ನಾನು. ನಾನೇನು ಮಾಡ್ದೆ? ತಪ್ಪು ತೋರಿಸಿದವರನ್ನೇ ರೂಮಿಂದ ಅಳಿಸಿಹಾಕ್ದೆ!" ಕಣ್ಣು ತುಂಬಿಬಂತು.

ಕಣ್ಣೊರೆಸಿಕೊಂಡು, ಅವನನ್ನೂ ಕರೆದುಕೊಂಡು ನೇರ ಗೈಡ್ ಎದುರು ನಿಂತಳು. "ಸರ್, ನನ್ನ ತೊಂಬತ್ತನಾಲ್ಕು ಸುಳ್ಳು. ಅದು ಹೇಗೆ ಸುಳ್ಳಾಯ್ತು ಅನ್ನೋದನ್ನೇ ಬರೀತೀನಿ. ಇವರ ಜೊತೆ."

ಗೈಡ್ ಕನ್ನಡಕ ತೆಗೆದಿಟ್ಟರು. "ಅವತ್ತೇ ಹೀಗಂದಿದ್ರೆ ನಿಲ್ಲಿಸು ಅಂತ ನಾನ್ಯಾಕೆ ಹೇಳ್ತಿದ್ದೆ? ಬರಿಯಮ್ಮ."

ಹೊರಗೆ ಕಾರಿಡಾರ್ ಖಾಲಿಯಿತ್ತು. ಇಬ್ಬರೂ ಪ್ರಿಂಟರ್ ಕೋಣೆಯತ್ತ ನಡೆದರು.

"ಇನ್ಮೇಲೆ ನನ್ನ ತಪ್ಪು ಕಂಡ್ರೆ?" ಅವಳೇ ಕೇಳಿದಳು.

"ಪಕ್ಕಕ್ಕೆ ಕರೆದು, ನಿಮಗೊಬ್ಬರಿಗೇ ಹೇಳ್ತೀನಿ."

"ನನಗೆ ಸಿಟ್ಟು ಬಂದ್ರೆ?"

"ಬರ್ಲಿ. ಆ ಸಿಟ್ಟು ನೋಡೇ ಅಲ್ವಾ ನಾನು ಪ್ರೀತೀಲಿ ಬಿದ್ದಿದ್ದು..."

ಅವಳು ಗಕ್ಕನೆ ನಿಂತಳು. "ಇದು... ಎಷ್ಟು ದಿನ ಇರತ್ತೆ?"

"ನೀವು ಸಾಕು ಅನ್ನೋ ತನಕ."

"ನಾನು ಅನ್ನಲ್ಲ. ನೋಡ್ತಿರಿ!" ಎಂದಳು, ಸಿಡುಕಿಕೊಂಡೇ ಅವನ ಕೈ ಹಿಡಿಯುತ್ತಾ.